ಮುನಿರಾಜಣ್ಣನ ಅಂಗೈ

ಯಾರಾದರೂ ಗಾಡಿಯ ಕೀ ತಿರುಗಿಸುವ ಮೊದಲು ಮುನಿರಾಜಣ್ಣ ಪಕ್ಕದ ಟೀ ಅಂಗಡಿಯವನಿಗೆ ಹಾಡು ನಿಲ್ಲಿಸಲು ಹೇಳುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ಕಿವಿಯನ್ನು ಬಾನೆಟ್ಟಿನ ಕಡೆ ವಾಲಿಸಿ, "ಹ್ಞೂ, ಹೊಡಿ ಸೆಲ್ಫು" ಎನ್ನುತ್ತಿದ್ದರು. ಬಾಣಸವಾಡಿ ಸ್ಟೇಷನ್ ಹತ್ತಿರದ ಅವರ ಶೆಡ್ಡಿಗೆ ಬರುವವರೆಲ್ಲ ಆ ಮೌನಕ್ಕೆ ಒಗ್ಗಿಹೋಗಿದ್ದರು.

"ಟಕ್ ಅಂದು ಸುಮ್ನಾದ್ರೆ ಒಂದು ಕಾಯಿಲೆ. ದಿಬ್ಬ ಹತ್ತೋ ಎತ್ತಿನ ಥರ ತಿಣುಕಿದ್ರೆ ಇನ್ನೊಂದು. ಎರಡಕ್ಕೂ ಬ್ಯಾಟ್ರಿ ಚೇಂಜ್ ಮಾಡು ಅನ್ನೋನು ಮೆಕ್ಯಾನಿಕ್ ಅಲ್ಲ ತಾಯಿ, ಬ್ಯಾಟ್ರಿ ಮಾರೋನು" ಎಂದು ನನಗೆ ಹೇಳುತ್ತಿದ್ದರು. ರಾಮಮೂರ್ತಿ ನಗರದಿಂದ ಶಾಲಾ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವ ನನಗೆ ಗಾಡಿಯ ಬಗ್ಗೆ ಗೊತ್ತಿರುವ ಅಷ್ಟಿಷ್ಟೂ ಅವರಿಂದ ಬಂದದ್ದು. ತಮಿಳರೊಂದಿಗೆ ತಮಿಳು, ಸಾಬರೊಂದಿಗೆ ಉರ್ದು ಆಡುತ್ತಿದ್ದ ಅವರು ಗಾಡಿಗೆ ಬೈಯುವಾಗ ಮಾತ್ರ ಅಪ್ಪಟ ಕನ್ನಡಕ್ಕೆ ಬರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರಿಗೆ ವಿಪರೀತ ಜ್ವರ ಬಂದು ಹೋಯಿತು. ಹೋಗುವಾಗ ಎರಡೂ ಕಿವಿಗಳನ್ನು ಒಯ್ದಿತು. ಕಿವಿಗೆ ಯಂತ್ರ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ಮುನಿರಾಜಣ್ಣ ಶೆಡ್ಡಿಗೆ ಬೀಗ ಹಾಕಿ ಮನೆಯ ಜಗಲಿಯಲ್ಲಿ ಕೂತುಬಿಟ್ಟರು. ಮಾತಾಡಿಸಲು ಹೋದವರ ತುಟಿ ನೋಡುವುದನ್ನೂ ಬಿಟ್ಟಿದ್ದರಂತೆ.

ಆ ವರ್ಷ ಶಾಲೆ ಶುರುವಾದ ಮೇಲೆ ನನ್ನ ವ್ಯಾನ್ ತಿಣುಕತೊಡಗಿತು. ಹೊಸ ಬ್ಯಾಟರಿ ಹಾಕಿಸಿದೆ, ಸೆಲ್ಫ್ ಮೋಟಾರ್ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಆದರೂ ಒಂದು ದಿನ ಮಕ್ಕಳನ್ನು ಕೂರಿಸಿಕೊಂಡು ದಾರಿ ಮಧ್ಯೆ ಆಫ್ ಮಾಡಿದ್ದು ಮತ್ತೆ ಸ್ಟಾರ್ಟ್ ಆಗಲಿಲ್ಲ. ಇನ್ನೊಂದು ಸಲ ಹೀಗಾದರೆ ಬೇರೆ ವ್ಯಾನ್ ನೋಡಿಕೊಳ್ಳುತ್ತೇವೆ ಎಂದು ತಾಯಂದಿರು ಹೇಳಿದರು. ಬೇರೆ ದಾರಿ ಕಾಣದೆ ಮುನಿರಾಜಣ್ಣನ ಮನೆಗೇ ವ್ಯಾನ್ ಓಡಿಸಿಕೊಂಡು ಹೋದೆ.

ಕೀ ತಿರುಗಿಸುವಂತೆ ಕೈ ಮಾಡಿ ತೋರಿಸಿದೆ. ಅವರು ಮುಖ ತಿರುಗಿಸಿದರು. "ಕಿವಿ ಇಲ್ದೋನು ಏನಮ್ಮಾ ನೋಡ್ಲಿ?"

ಒಳಗೆ ಅಕ್ಕಿ ಆರಿಸುತ್ತಿದ್ದ ಅವರ ಹೆಂಡತಿ ನಾಗರತ್ನಕ್ಕ ಎದ್ದು ಬಂದರು. ಗಂಡನ ಎದುರು ನಿಂತು, ಅವರ ಬಲಗೈಯನ್ನು ಎತ್ತಿ ಅವರ ಕಣ್ಣ ಮುಂದೆಯೇ ಹಿಡಿದರು.

"ಇದಕ್ಕೇನಾಗಿದೆ?"

ತುಟಿ ಓದಿದರೋ ಏನೋ, ಆ ಕೈಯನ್ನೊಮ್ಮೆ ನೋಡಿ, ಮುನಿರಾಜಣ್ಣ ಚಪ್ಪಲಿ ಮೆಟ್ಟಿಕೊಂಡರು.

ವ್ಯಾನನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಲು ಸನ್ನೆ ಮಾಡಿದರು. ಇಂಜಿನ್ ತಿಣುಕಿತು, ಆದರೆ ಗೋಡೆಯ ಮೇಲಿನ ಬೆಳಕು ಮಂಕಾಗಲಿಲ್ಲ. ಬ್ಯಾಟರಿ ಗಟ್ಟಿಯಾಗಿದೆ ಎಂದು ತಲೆಯಾಡಿಸಿ, ಒಂದೊಂದೇ ವೈರನ್ನು ಮುಟ್ಟುತ್ತಾ ಹೋದರು. ಇಂಜಿನ್ನಿನಿಂದ ಗಾಡಿಯ ಲೋಹದ ಮೈಗೆ ಹೋಗುವ ಅರ್ತಿಂಗ್ ವೈರಿನ ತುದಿ ಮುಟ್ಟಿದವರು ಥಟ್ಟನೆ ಕೈ ತೆಗೆದು, ನನ್ನ ಬೆರಳನ್ನೂ ಅಲ್ಲಿಗೆ ಒಯ್ದರು. ಸುಡುತ್ತಿತ್ತು.

ಬೋಲ್ಟಿನ ಕೆಳಗೆ ತುಕ್ಕು ಹಿಡಿದು ಕರೆಂಟಿಗೆ ಅಡ್ಡಿಯಾಗಿತ್ತು. ಉಜ್ಜಿ, ಹೊಸ ವೈರ್ ಹಾಕಿ ಬಿಗಿದು, ಅಂಗೈಯನ್ನು ಇಂಜಿನ್ನಿನ ಮೇಲಿಟ್ಟುಕೊಂಡು ಸನ್ನೆ ಮಾಡಿದರು. ಒಂದೇ ಏಟಿಗೆ ಗಾಡಿ ಸ್ಟಾರ್ಟ್ ಆಯಿತು. ಆ ನಡುಕ ಅಂಗೈಗೆ ತಾಗಿದಾಗ ಅವರ ಮುಖ ಅರಳಿದ್ದನ್ನು ನಾನು ಗಾಜಿನ ಹಿಂದಿನಿಂದ ನೋಡಿದೆ. ಮಾರನೆಯ ದಿನವೇ ಶೆಡ್ಡಿನ ಬೀಗ ತೆಗೆದರು. ಮತ್ತೆ ಅಲ್ಲಿ ಗಾಡಿಗಳು ಸಾಲುಗಟ್ಟಿದವು.

ಕೊನೆಯ ಸಲ ಅವರನ್ನು ಕಂಡದ್ದು ಹಲಸೂರಿನಲ್ಲಿ, ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ದಿನ ಮುಂಚೆ. ನೆಂಟರ ಮದುವೆಗೆಂದು ಗಂಡ ಹೆಂಡತಿ ಬಸ್ಸಿಗೆ ಕಾಯುತ್ತಿದ್ದರು. ವ್ಯಾನಿಗೆ ಹತ್ತಿಸಿಕೊಂಡೆ. ಛತ್ರದ ಮುಂದೆ ಇಳಿದ ಮುನಿರಾಜಣ್ಣ, ಕಿವಿ ಕೇಳದವರ ಗಟ್ಟಿ ದನಿಯಲ್ಲಿ ನೆಂಟರಿಗೆಲ್ಲ ನನ್ನನ್ನು ತೋರಿಸಿ, "ನನ್ ಕೆಲ್ಸ ನಂಗೆ ವಾಪಸ್ ತಂದ್ಕೊಟ್ಟೋಳು ಇವ್ಳೇ" ಎಂದರು.

ನಾನಲ್ಲ, ನಿಮ್ಮ ಹೆಂಡತಿ ಎಂದೆ. ಅವರಿಗೆ ಕೇಳಿಸಲಿಲ್ಲ. ನಾಗರತ್ನಕ್ಕನಿಗೆ ಕೇಳಿಸಿತು.