ಒಂದನೇ ಕಾರ್ಡು ಅಜ್ಜಿಯದು

ಮಕ್ಕಳ ಬಾಯಲ್ಲಿ ಅವಳು 'ಹೊಸ ಮಿಸ್'. ಇನ್ನೂ ತರಬೇತಿಯಲ್ಲಿದ್ದವಳು. ಹೋದ ಸಲ ಪಾಠ ನೋಡಲು ಬಂದ ಮೇಲ್ವಿಚಾರಕಿ, 'ಎಲ್ಲ ಮಕ್ಕಳೂ ಭಾಗವಹಿಸಿದರೇ?' ಎಂಬ ಕಾಲಂನಲ್ಲಿ ಕೆಂಪು ಪೆನ್ನಿನಿಂದ 'ಮೂವರು' ಎಂದು ಬರೆದು ಹೋಗಿದ್ದರು. ನಿಜವೇ. ಮುಂದಿನ ಬೆಂಚಿನ ಮೂವರು ಕೈ ಎತ್ತಿದ್ದೇ ಎತ್ತಿದ್ದು, ಉಳಿದ ಇಪ್ಪತ್ತೇಳು ಜನಕ್ಕೆ ಹೇಳಿದ್ದು ಗೋಡೆಗೆ ಹೇಳಿದಂತಾಗಿತ್ತು. ಇನ್ನು ಉಳಿದಿರುವುದು ಒಂದೇ ಅವಕಾಶ. ಈ ಸಲವೂ ಎಡವಿದರೆ ಇಡೀ ವರ್ಷ ಮತ್ತೆ ಓದಬೇಕು.

ಅದಕ್ಕೇ ಅವಳು ಆ್ಯಪ್‌ಗಳ ಬೆನ್ನು ಹತ್ತಿದಳು. ಮೂರು ವಾರದಲ್ಲಿ ಹನ್ನೊಂದು ಆ್ಯಪ್‌ಗಳು ಅವಳ ಫೋನಿಗೆ ನೆಂಟರ ಹಾಗೆ ಬಂದು ಹೋದವು. ಒಂದಕ್ಕೆ ಮಗುವಿಗೊಂದು ಟ್ಯಾಬ್ ಬೇಕು. ಶಾಲೆಯಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು, ಅದೂ ಬೆನ್ನಿಗೆರಡು ಬಿಟ್ಟರೆ ಮಾತ್ರ ಏಳುವಂಥದ್ದು. ಇನ್ನೊಂದು ಆ್ಯಪ್, ಉತ್ತರ ತಪ್ಪಾದರೆ ಕಪ್ಪೆಯಂತೆ ವಟಗುಟ್ಟುತ್ತಿತ್ತು. ಮಕ್ಕಳು ಕಪ್ಪೆಯ ಆಸೆಗೇ ತಪ್ಪು ಹೇಳುತ್ತಾರೆಂದು ಅದನ್ನೂ ಅಳಿಸಿದಳು.

ಹನ್ನೆರಡನೆಯದು ಮನಸ್ಸಿಗೆ ಹಿಡಿಸಿತು. ಮಕ್ಕಳ ಕೈಗೆ ಬರೀ ನಂಬರು ಹಾಕಿದ ರಟ್ಟಿನ ಕಾರ್ಡು. ನಾಲ್ಕು ಬದಿಗೂ ಒಂದೊಂದು ಅಕ್ಷರ, ಯಾವುದನ್ನು ಮೇಲೆ ಮಾಡಿ ಹಿಡಿದರೋ ಅದೇ ಉತ್ತರ. ಟೀಚರು ಫೋನಿನ ಕ್ಯಾಮೆರಾವನ್ನು ತರಗತಿಯತ್ತ ಒಮ್ಮೆ ತಿರುಗಿಸಿದರೆ ಸಾಕು, ಯಾರು ಏನು ಹೇಳಿದರೆಂದು ಗೋಡೆಯ ಮೇಲೆ ಹೆಸರಿನ ಸಮೇತ ಮೂಡುತ್ತದೆ. ಯಾರೂ ಬಾಯಿ ಬಿಡಬೇಕಾಗಿಲ್ಲ, ಯಾರೂ ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

ಭಾನುವಾರ ಬೆಳಿಗ್ಗೆ ಮನೆಯವರ ಮೇಲೇ ಪ್ರಯೋಗ ನಡೆಯಿತು. ಒಂದನೇ ಕಾರ್ಡಿಗೆ ಅಪ್ಪ ಕೈ ಚಾಚಿದರೆ ಅಜ್ಜಿ ಬಿಡಲಿಲ್ಲ.

"ನಾನಿರೋವಾಗ ಒಂದನೇದು ಅವನಿಗ್ಯಾಕೆ?"

ಸರಿ, ಒಂದು ಅಜ್ಜಿಗೆ, ಎರಡು ಅಪ್ಪನಿಗೆ. ಆಮೇಲೆ ಅಮ್ಮ, ಚಿಕ್ಕಪ್ಪ, ಅಣ್ಣ, ಅತ್ತಿಗೆ. ಕಾರ್ಡಿನ ನಂಬರಿನ ಎದುರು ಎಲ್ಲರ ಹೆಸರನ್ನೂ ಫೋನಿಗೆ ತುಂಬಿದಳು. ಪ್ರಶ್ನೆ: ನಾಲ್ಕನೇ ಒಂದು ಭಾಗ ದೊಡ್ಡದೋ, ಎಂಟನೇ ಒಂದು ಭಾಗ ದೊಡ್ಡದೋ?

"ನಾಲ್ಕಕ್ಕಿಂತ ಎಂಟು ದೊಡ್ಡದು. ಅಷ್ಟೂ ಗೊತ್ತಿಲ್ವಾ ನಂಗೆ?" ಎಂದು ಅಪ್ಪ ಠೀವಿಯಿಂದ ಕಾರ್ಡು ಎತ್ತಿದರು.

ಅಜ್ಜಿ ಎತ್ತಲಿಲ್ಲ. "ಎಷ್ಟು ಜನಕ್ಕೆ ಹಂಚೋದು ಅಂತ ಮೊದ್ಲು ಹೇಳು."

"ಅಜ್ಜಿ, ನೀನು ಪ್ರಶ್ನೆ ಕೇಳ್ಬೇಡ, ಕಾರ್ಡು ಎತ್ತು ಸಾಕು."

ಅಜ್ಜಿ ಮುನಿಸಿಕೊಂಡು ಕಾರ್ಡನ್ನು ನೀರಿನ ಲೋಟಕ್ಕೆ ಮುಚ್ಚಿಟ್ಟಳು.

ಪರೀಕ್ಷೆಯ ದಿನ ಕಾರ್ಡುಗಳನ್ನು ಹಾಜರಿಯ ಕ್ರಮದಲ್ಲೇ ಹಂಚಿದಳು. ಮೇಲ್ವಿಚಾರಕಿ ಹಿಂದಿನ ಬೆಂಚಿನಲ್ಲಿ ಪೆನ್ನಿನ ಮುಚ್ಚಳ ತೆಗೆದು ಕೂತರು. ಪ್ರೊಜೆಕ್ಟರಿಗೆ ಎರಡೇಟು ಬಿತ್ತು. ಅದೇ ಪ್ರಶ್ನೆ. ಮೂವತ್ತು ಕಾರ್ಡುಗಳು ಮೇಲೆದ್ದವು, ಅವಳು ಫೋನು ತಿರುಗಿಸಿದಳು.

ಗೋಡೆಯ ಮೇಲೆ ಮೂಡಿತು: ಅಜ್ಜಿ, ಸರಿ. ಅಪ್ಪ, ತಪ್ಪು. ಅಮ್ಮ, ತಪ್ಪು. ಚಿಕ್ಕಪ್ಪ, ತಪ್ಪು.

ಏಳರಿಂದ ಮೂವತ್ತರವರೆಗೆ ಮಕ್ಕಳ ಹೆಸರು ತುಂಬಿದ್ದ ಪುಣ್ಯಾತ್ಗಿತ್ತಿ ಮೊದಲ ಆರನ್ನು ಬದಲಾಯಿಸುವುದನ್ನೇ ಮರೆತಿದ್ದಳು.

"ಮಿಸ್, ಅಪ್ಪಂಗೆ ಲೆಕ್ಕ ಬರಲ್ಲ," ಎಂದಿತು ಒಂದು ದನಿ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. ಆದರೂ ಕಣ್ಣು ಪಟ್ಟಿಯ ಕೆಳಗಿಳಿಯಿತು. ಇಪ್ಪತ್ತೊಂಬತ್ತು ಜನ ಅಪ್ಪನ ಪಕ್ಷ. ಸದಾ ಕೈ ಎತ್ತುವ ಆ ಮೂವರೂ ಅಲ್ಲೇ ಇದ್ದರು.

"ಸರಿ ಹೇಳಿದ ಆ ಅಜ್ಜಿ ಯಾರು?" ಹಿಂದಿನಿಂದ ಮೇಲ್ವಿಚಾರಕಿ ಕೇಳಿದರು.

ಕಿಟಕಿಯ ಮೂಲೆಯಲ್ಲಿ ಒಬ್ಬಳು ಎದ್ದು ನಿಂತಳು. ಹಾಜರಿಯಲ್ಲಿ ಒಂದನೆಯವಳು. 'ಎಸ್ ಮಿಸ್' ಬಿಟ್ಟರೆ ವರ್ಷದಲ್ಲಿ ಎರಡನೇ ಮಾತು ಆಡಿದವಳಲ್ಲ.

"ನಾನು ಅಜ್ಜಿ."

ಮತ್ತೆ ನಗು. ಈ ಸಲ ಆ ಹುಡುಗಿಯೂ ನಕ್ಕಳು.

"ನಾಲ್ಕನೇ ಒಂದು ದೊಡ್ಡದು ಅಂತ ಹೇಗೆ ಗೊತ್ತಾಯ್ತು?" ಹೊಸ ಮಿಸ್ ಮೆಲ್ಲಗೆ ಕೇಳಿದಳು.

"ನಮ್ಮನೇಲಿ ಎಂಟು ಜನ, ಮಿಸ್. ಏನು ತಂದ್ರೂ ನಂಗೆ ಬರೋದು ಇಷ್ಟೇ ಇಷ್ಟು." ಬೆರಳಿನ ತುದಿ ತೋರಿಸಿದಳು. "ನಾಲ್ಕೇ ಜನ ಇದ್ದಿದ್ರೆ ಜಾಸ್ತಿ ಬರ್ತಿತ್ತು."

ಹೊಸ ಮಿಸ್‌ಗೆ ಮನೆಯ ಅಜ್ಜಿಯ ಪ್ರಶ್ನೆ, ಲೋಟದ ಮೇಲಿನ ಕಾರ್ಡು ನೆನಪಾಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ್ದಳು. ತಯಾರಿಸಿ ತಂದಿದ್ದ ಬಣ್ಣಬಣ್ಣದ ಸ್ಲೈಡುಗಳನ್ನು ಬದಿಗಿಟ್ಟು, ಬೋರ್ಡಿನ ಮೇಲೆ ಒಂದು ದೊಡ್ಡ ಚಾಕೊಲೇಟು ಬರೆದು, ಎಷ್ಟು ಜನಕ್ಕೆ ಹಂಚೋದು ಎಂದು ಕೇಳಿದಳು.

ಎರಡನೇ ಸುತ್ತಿನಲ್ಲಿ ಅಪ್ಪ ಸರಿ ಹೇಳಿದಾಗ ಚಪ್ಪಾಳೆ ಬಿತ್ತು. ಚಿಕ್ಕಪ್ಪ ಮಾತ್ರ ಕಾರ್ಡನ್ನು ಅಡ್ಡಡ್ಡ ಹಿಡಿದಿದ್ದ. ಮನೆಯ ಚಿಕ್ಕಪ್ಪನೂ ಹಾಗೆಯೇ.

ಕಾಲಂನಲ್ಲಿ ಕೆಂಪು ಶಾಯಿ ಬರೆಯಿತು: 'ಮೂವತ್ತೂ. ಅಜ್ಜಿ ಸೇರಿ.'

ಗಂಟೆ ಹೊಡೆದ ಮೇಲೆ ಅವಳು ಆ ಆರು ಹೆಸರು ತಿದ್ದಲು ಕೂತಳು. ಕಿಟಕಿ ಮೂಲೆಯವಳು ಬಂದು ಮೇಜಿನ ಪಕ್ಕ ನಿಂತಳು.

"ನಂದು ಬದ್ಲಾಯಿಸ್ಬೇಡಿ, ಮಿಸ್. ಅಜ್ಜಿ ಅಂದ್ರೆ ಮಾತಾಡೋಕೆ ಭಯ ಆಗಲ್ಲ."

ಸಂಜೆ ಮನೆಯಲ್ಲಿ ಎಲ್ಲವನ್ನೂ ಕೇಳಿದ ಅಜ್ಜಿ ಹೇಳಿದಳು: "ಒಂದನೇ ಕಾರ್ಡು ಅವಳೇ ಇಟ್ಕೊಳ್ಲಿ ಬಿಡು. ನಾನು ಎರಡನೇದು ತಗೋತೀನಿ."