ಪೈಲಟ್ ಮಲ್ಲಿಕಾರ್ಜುನನ ಕಲ್ಲಿನ ಮೇಲಿನ ಸುಳ್ಳು

ಆರು ವರ್ಷಗಳ ಹಿಂದೆ ಹುಮನಾಬಾದಿನಲ್ಲಿ, ಬಸವಕಲ್ಯಾಣಕ್ಕೆ ಹೋಗುವ ರಸ್ತೆಯ ಬದಿಗೆ ನನ್ನ ಕಲ್ಲು ಕೆತ್ತುವ ಅಂಗಡಿಯಿತ್ತು. ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೆ ನಲವತ್ತು ವರ್ಷ ಅಕ್ಷರ ಕೆತ್ತಿದ್ದೇನೆ, ಒಂದು ಒತ್ತಕ್ಷರವೂ ಸೊಟ್ಟಗಾಗಿಲ್ಲ. ಸತ್ತವರ ಕಲ್ಲಾದರೆ ನಮ್ಮಲ್ಲೊಂದು ಕಟ್ಟಳೆ. ಮೊದಲು ಕೆಮ್ಮಣ್ಣಿನಲ್ಲಿ ಅಕ್ಷರ ಬರೆಯುತ್ತೇವೆ. ಆ ಮನೆಯವರೊಬ್ಬರು ಬಂದು ಗಟ್ಟಿಯಾಗಿ ಓದಿ ‘ಹೌದು’ ಅನ್ನಬೇಕು. ಆಮೇಲೆಯೇ ಉಳಿ. ಕಾಗದದ ತಪ್ಪಿಗೆ ಗೆರೆ ಹೊಡೆದರಾಯಿತು, ಕಲ್ಲಿನ ತಪ್ಪಿಗೆ ಇಡೀ ಮುಖವನ್ನೇ ಉಜ್ಜಿ ತೆಗೆಯಬೇಕು.

ಘಾಟಬೋರಾಳದ ಸ್ಮಾರಕ ಕಮಿಟಿಯ ಅಧ್ಯಕ್ಷರು ಒಂದು ಚೀಟಿ ತಂದುಕೊಟ್ಟರು. ಎಪ್ಪತ್ತೊಂದರ ಯುದ್ಧದ ಹೊತ್ತಿನಲ್ಲಿ ತೀರಿಕೊಂಡ ಅವರೂರಿನ ವಾಯುಪಡೆ ಪೈಲಟ್ ಮಲ್ಲಿಕಾರ್ಜುನನ ಹೆಸರಿಗೆ ಕಲ್ಲು. ‘ಶತ್ರು ವಿಮಾನ ಕೆಡವಿ ವೀರಮರಣ ಹೊಂದಿದರು’ ಎಂದಿತ್ತು. ಹಾಗೇ ಬರೆದೆ. ಬೇಮಳಖೇಡದಲ್ಲಿರುವ ಆತನ ತಂಗಿ ಶಾಂತಾಬಾಯಿಗೆ ಹೇಳಿಕಳಿಸಿದೆ.

ಎಪ್ಪತ್ತು ದಾಟಿದ ಆಕೆ ಬಸ್ಸಿಳಿದು ಬಂದರು. ಓದುತ್ತ ಓದುತ್ತ ನಡುವೆಯೇ ನಿಲ್ಲಿಸಿದರು.

“ಇದನ್ನ ಯಾರ್ ಬರಸ್ಯಾರ್ ತಮ್ಮಾ? ನಮ್ಮಣ್ಣ ಯಾರ ವಿಮಾನನೂ ಕೆಡವಿಲ್ಲ. ಹೊಸಬರಿಗಿ ಹಾರೂದು ಕಲಸ್ತಿದ್ದ. ಕಲಸೂ ಮುಂದ ಇಂಜಿನ್ ಬಂದ್ ಆಗಿ ವಿಮಾನ ಬಿತ್ತು, ಸತ್ತ.”

ಆಕೆಯ ಕೈಚೀಲದಲ್ಲಿ ಅಣ್ಣನ ಕೊನೆಯ ಪತ್ರವಿತ್ತು. ಆತ ರೈತನ ಮಗ, ಸೈಕಲ್ ತುಳಿದು ಹುಮನಾಬಾದಿನ ಹೈಸ್ಕೂಲಿನಲ್ಲಿ ಓದಿದವನು. ಯುದ್ಧಕ್ಕೆ ಕಳಿಸಿರೆಂದು ಎರಡು ಸಲ ಕೇಳಿದ್ದನಂತೆ. ಕಲಿಸುವವರು ಕಡಿಮೆಯೆಂದು ಮೇಲಿನವರು ಬಿಡಲಿಲ್ಲ. ‘ನಾವು ಇಲ್ಲಿ ಕಲಿಸದಿದ್ದರೆ ಅಲ್ಲಿ ಹಾರುವವರು ಯಾರು’ ಎಂದು ಬರೆದಿದ್ದ.

ಅಧ್ಯಕ್ಷರನ್ನು ಕರೆಸಿದೆ. ಪತ್ರ ನೋಡಿ ನಕ್ಕರು.

“ಟ್ರೇನಿಂಗ್‌ದಾಗ ಸತ್ತಾನ ಅಂದ್ರ ಹಾರ ಯಾರ್ ಹಾಕ್ತಾರ್ ಮಿಸ್ತ್ರಿ? ಊರಿನ ಇಜ್ಜತ್ ಅದ ಇದ್ರಾಗ. ನೀ ಕೆತ್ತು.”

“ಮನಿಯವ್ರು ಹೌದು ಅಂದಿಲ್ರಿ. ಉಳಿ ಹಚ್ಚಲ್ಲ.”

“ನಾಕ್ನೇತ್ತ ಓದಿದವ ನನಗ ಇತಿಹಾಸ ಹೇಳಾಕತ್ತಿ?”

“ಇತಿಹಾಸ ಅಲ್ರಿ, ಸುಳ್ಳ. ಅದನ್ನ ಗುರ್ತ ಹಿಡೀಲಾಕ ನಾಕ್ನೇತ್ತ ಜಾಸ್ತೀನೇ ಆತು.”

ಅವರು ಚೀಟಿ ಕಿತ್ತುಕೊಂಡು ಬಸವಕಲ್ಯಾಣದಲ್ಲಿ ಮಷಿನ್ನಿನಿಂದ ಕೆತ್ತುವ ಒಂದು ಅಂಗಡಿಗೆ ಹೋದರು. ಮನೆಯವರು ಓದಿದರೇ ಎಂದು ಮಷಿನ್ ಕೇಳುತ್ತದೆಯೇ? ಎರಡೇ ದಿನದಲ್ಲಿ ಕಲ್ಲು ತಯಾರು.

ಉದ್ಘಾಟನೆಗೆ ನಾನೂ ಹೋಗಿ ಹಿಂದೆ ನಿಂತಿದ್ದೆ. ಶಾಂತಾಬಾಯಿಯನ್ನು ವೇದಿಕೆಯಲ್ಲಿ ಕೂರಿಸಿ, ಪರದೆ ಸರಿಸಲು ಹೇಳಿ, ಕೈಗೆ ಹಾರ ಕೊಟ್ಟರು. ಆಕೆ ಕಲ್ಲನ್ನು ನೋಡಿದರು. ಮೈಕಿನ ಹತ್ತಿರ ಬಂದು ಹೇಳಿದರು:

“ಈ ಕಲ್ಲಿನ ಮ್ಯಾಲಿನ ಮನಷ್ಯಾ ಯಾರೋ ನನಗ ಗೊತ್ತಿಲ್ರಿ.”

ಹಾರವನ್ನು ಮೇಜಿನ ಮೇಲಿಟ್ಟು ಇಳಿದರು. ಅಧ್ಯಕ್ಷರು ಮೈಕ್ ಹಿಡಿದು, “ಆಯಿಗಿ ವಯಸ್ಸಾಗ್ಯಾದ್ರಿ, ಅಣ್ಣನ ನೆನಪಿಗಿ ತಲಿ ಕೆಟ್ಟದ” ಅಂದರು. ಜನ ಚಪ್ಪಾಳೆ ತಟ್ಟಿದರು! ಐವತ್ತು ವರ್ಷ ಅಣ್ಣನ ಪತ್ರ ಕಾಯ್ದಿಟ್ಟವಳಿಗೆ ತಲೆ ಕೆಟ್ಟಿದೆಯಂತೆ.

ಮರುವಾರ ನಾನೇ ಒಂದು ಕಲ್ಲು ಕೆತ್ತಿಕೊಟ್ಟೆ: ‘ಹಾರಾಟ ಕಲಿಸುವಾಗ ವಿಮಾನ ಬಿದ್ದು ಮಡಿದರು’. ಅದು ಬೇಮಳಖೇಡದಲ್ಲಿ ಆಕೆಯ ಹೊಲದ ಬದುವಿನ ಮೇಲಿದೆ. ಹಾರ ಮಾತ್ರ ಪ್ರತಿವರ್ಷ ಸುಳ್ಳಿನ ಕಲ್ಲಿಗೇ ಬೀಳುತ್ತದೆ, ನನ್ನ ಸಿಟ್ಟೂ ಇಳಿದಿಲ್ಲ. ರಟ್ಟೆ ನೋಯಿಸಿ ದುಡಿದವನಿಗೆ ಗೊತ್ತು, ಮಾಡದ ಕೆಲಸಕ್ಕೆ ಹೊಗಳಿಸಿಕೊಳ್ಳುವುದು ಮಾಡಿದ ಕೆಲಸಕ್ಕೆ ಬೈಸಿಕೊಳ್ಳುವುದಕ್ಕಿಂತ ಕೀಳು. ಮಲ್ಲಿಕಾರ್ಜುನ ಬದುಕಿದ್ದರೆ ತಾನೇ ಬೇಡ ಅನ್ನುತ್ತಿದ್ದ. ಇಲ್ಲದವನ ಪರವಾಗಿ ಬೇಡ ಅನ್ನುವುದೂ ಕೆತ್ತುವವನ ಕೆಲಸವೆಂದು ನನಗೆ ಕಲಿಸಿದ್ದು ಈ ಕಸುಬೇ.