ಬಾಣಂತಿ ಕೋಣೆಯ ಕಿಟಕಿ

ಮಗಳು ಹುಟ್ಟಿದ್ದು ಡಿಸೆಂಬರಿನ ಚಳಿಯಲ್ಲಿ. ಬಾಣಂತನ ಮಾಡಲು ಅವ್ವ ಗರಗದಿಂದ ಸತ್ತೂರಿನ ನಮ್ಮ ಫ್ಲ್ಯಾಟಿಗೆ ಬಂದಳು. ಬಂದವಳೇ ಮಲಗುವ ಕೋಣೆಯ ಕಿಟಕಿ ಎಳೆದು ಮುಚ್ಚಿ, ಸಂದಿಗೆ ಹಳೆ ಸೀರೆಯ ಚೂರು ತುರುಕಿದಳು. ಧಾರವಾಡದ ಥಂಡಿ ಗಾಳಿ ಬಾಣಂತಿಯ ಕಿವಿ ಹೊಕ್ಕರೆ ಮುದುಕಿಯಾದರೂ ತಲೆಶೂಲೆ ಬಿಡುವುದಿಲ್ಲ ಎಂಬುದು ಅವಳ ನಂಬಿಕೆ. ನನ್ನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಕೋಣೆಯೊಳಗೇ ಹಗ್ಗ ಕಟ್ಟಿ ಕೂಸಿನ ಒದ್ದೆ ಬಟ್ಟೆ ಹರವಿದಳು. ಮೂಲೆಯ ಕರೆಂಟಿನ ಒಲೆಯ ಮೇಲೆ ಓಮದ ನೀರು ಸದಾ ಕುದಿಯುತ್ತಿತ್ತು.

ಕೆಲವೇ ದಿನಕ್ಕೆ ಕಿಟಕಿ ಬೆವರತೊಡಗಿತು. ಬೆಳಿಗ್ಗೆ ಎದ್ದರೆ ಗಾಜಿನ ತುಂಬ ಹನಿ. ಅವು ಒಂದನ್ನೊಂದು ಕೂಡಿಕೊಂಡು ಜಾರಿ ಗೋಡೆಗಿಳಿಯುತ್ತಿದ್ದವು. ಹೊರಗಿನ ಇಬ್ಬನಿ ಒಳಗೆ ಸೋರುತ್ತಿದೆ ಎಂದು ನಮ್ಮ ಮನೆಯವರು ತೀರ್ಮಾನಿಸಿದರು. ಧಾರವಾಡದ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಅವರದು ಯಂತ್ರಗಳ ಕೆಲಸ, ಆದ್ದರಿಂದ ಯಾರೂ ಎದುರಾಡಲಿಲ್ಲ. ಭಾನುವಾರವೆಲ್ಲ ಚೌಕಟ್ಟಿನ ಸುತ್ತ ಅಂಟು ಬಳಿದರು. ಮರುದಿನ ನೀರು ಇನ್ನೂ ಹೆಚ್ಚಾಯಿತು. ಅವ್ವನಿಗೆ ಮೇಲಿನ ಮನೆಯ ಹೂಕುಂಡಗಳ ಮೇಲೆ ಅನುಮಾನ. ಕೇಳಿಬರುತ್ತೇನೆಂದು ಬಿರುಸಿನಿಂದ ಹತ್ತಿ ಹೋದವಳು ಚಹಾ ಕುಡಿದು, ಅವರ ಸೊಸೆಯ ತವರಿನ ಸುದ್ದಿಯನ್ನೆಲ್ಲ ತಿಳಿದುಕೊಂಡು ಇಳಿದು ಬಂದಳು. ಕುಂಡಗಳಿದ್ದದ್ದು ಕಟ್ಟಡದ ಆಚೆ ಬದಿಗೆ.

ನನಗೋ ಮಲಗಿ ನೋಡುವುದೊಂದೇ ಕೆಲಸ. ಪಡಸಾಲೆಯ ಕಿಟಕಿಯೂ ಇಂಥದೇ, ಅದರಾಚೆಯೂ ಇದೇ ಮಂಜು, ಆದರೂ ಅಲ್ಲಿ ಗಾಜು ಒಣಗಿರುತ್ತಿತ್ತು. ಒಂದು ಬೆಳಿಗ್ಗೆ ಎದ್ದು ಬೆರಳಿನಿಂದ ಒರೆಸಿ ನೋಡಿದೆ. ನೀರಿದ್ದದ್ದು ಒಳಬದಿಗೆ ಮಾತ್ರ. ಒರೆಸಿದ ಜಾಗಕ್ಕೆ ಬಾಯಿಯಿಂದ ಹಾ ಎಂದು ಊದಿದೆ. ಅಲ್ಲಿ ಮತ್ತೆ ಮಸುಕು. ಇಡ್ಲಿ ಪಾತ್ರೆಯ ಮುಚ್ಚಳದ ತಳ ನೆನಪಾಗಿ ನಗು ಬಂತು. ನೀರು ಎಲ್ಲಿಂದಲೂ ಸೋರುತ್ತಿರಲಿಲ್ಲ. ಒದ್ದೆ ಬಟ್ಟೆ, ಕುದಿಯುವ ಓಮ, ನಮ್ಮೆಲ್ಲರ ಉಸಿರು ಸೇರಿ ಕೋಣೆಯ ಗಾಳಿ ತೇವವಾಗುತ್ತಿತ್ತು. ತಣ್ಣನೆಯ ಗಾಜು ಮುಟ್ಟಿದೊಡನೆ ಆ ತೇವ ಹನಿಯಾಗುತ್ತಿತ್ತು.

ಅವ್ವನಿಗೆ ಎಲ್ಲ ವಿವರಿಸಿ, ಕಿಟಕಿ ಸ್ವಲ್ಪ ತೆಗೆಯೋಣ ಎಂದೆ. ಸಮಾಧಾನದಿಂದ ಕೇಳಿಸಿಕೊಂಡಳು.

“ನೀರು ಒರಸಿದ್ರ ಹೋಗ್ತದ. ಥಂಡಿ ಹತ್ತಿದ್ರ ಹೋಗಂಗಿಲ್ಲ,” ಅಂದಳು.

ಮನೆಯವರೂ ಅವಳ ಕಡೆಗೇ ವಾಲಿದರು. ದಿನಾ ಅವಳ ಕೈಯ ಬಿಸಿ ರೊಟ್ಟಿ ತಿನ್ನುವವರು ಬೇರೇನು ಮಾಡಿಯಾರು?

ಆದರೆ ಕಿಟಕಿಯ ಕೆಳಗಿನ ಗೋಡೆಗೆ ಕರಿ ಬೂಷ್ಟು ಹಿಡಿಯಿತು. ತೊಟ್ಟಿಲು ಅದರ ಪಕ್ಕದಲ್ಲೇ ಇತ್ತು. ನನಗೆ ತಡೆಯಲಾಗಲಿಲ್ಲ. ಅವ್ವ ಒಂದು ದಿನ ಗರಗಕ್ಕೆ ಹೋದಾಗ, ಬಿಸಿಲೇರಿದ ಮೇಲೆ ಸಂದಿಯ ಚಿಂದಿ ಕಿತ್ತು ಕಿಟಕಿ ತೆರೆದೆ. ಹಗ್ಗವನ್ನು ಬಾಲ್ಕನಿಗೂ ಒಲೆಯನ್ನು ಅಡುಗೆಮನೆಗೂ ಸಾಗಿಸಿದೆ. ಗಾಳಿ ಬಂದು ಮುಖ ಸವರಿತು. ಕೂಸು ಬಿಸಿಲಿನಲ್ಲಿ ನಿದ್ದೆ ಹೋಯಿತು.

ಸಂಜೆಗೆ ಬರುತ್ತೇನೆಂದಿದ್ದ ಅವ್ವ ಮಧ್ಯಾಹ್ನವೇ ಬಾಗಿಲಲ್ಲಿ ನಿಂತಿದ್ದಳು. ಅವಳು ಬೈಯಲಿಲ್ಲ. ಮಂಚದ ಅಂಚಿಗೆ ಕೂತು, ತಲೆಯ ಮೇಲಿನ ಸೆರಗು ಸರಿಸಿ, ಕಿಟಕಿಯತ್ತ ಮುಖ ಮಾಡಿದಳು.

“ನೀ ಹುಟ್ಟಿದಾಗ ನನ್ನ ಕತ್ತಲಿ ಕೋಣ್ಯಾಗ ಇಟ್ಟಿದ್ರು,” ಅಂದಳು. “ಉಸಿರು ಕಟ್ಟಿದಂಗ ಆಗ್ತಿತ್ತು. ನಮ್ಮ ಅತ್ತಿಯವ್ರಿಗೆ ಹೇಳಾಕ ಅಂಜಿಕಿ.”

ಹಾಗಾದರೆ ನನ್ನನ್ನೇಕೆ ಮುಚ್ಚಿಟ್ಟೆ ಎಂದು ಕೇಳಿದೆ.

“ಬ್ಯಾರೆ ರೀತಿ ಬಾಣಂತನ ನನಗೆಲ್ಲಿ ಗೊತ್ತಿತ್ತು?”

ಅಂದಿನಿಂದ ಬಿಸಿಲಿರುವಷ್ಟು ಹೊತ್ತು ಕಿಟಕಿ ತೆರೆದಿರಬೇಕು, ಸ್ಕಾರ್ಫು ಮಾತ್ರ ತೆಗೆಯಕೂಡದು ಎಂದು ಒಪ್ಪಂದವಾಯಿತು. ಮರುದಿನ ಗಾಜಿನ ಬುಡದಲ್ಲಿ ತೆಳ್ಳನೆಯ ಗೆರೆಯಷ್ಟೇ ನೀರು. ವಾರದೊಳಗೆ ಅದೂ ಇಲ್ಲ. ಗೋಡೆಯ ಬೂಷ್ಟನ್ನು ಅವ್ವನೇ ಸಾಬೂನು ಹಚ್ಚಿ ತಿಕ್ಕಿದಳು.

ಹೆಸರಿಡುವ ದಿನ ಅವ್ವನ ಅತ್ತಿಗೆ, ನನ್ನ ಸೋದರತ್ತೆ, ಕೋಣೆಗೆ ಬಂದವರೇ ಹುಬ್ಬೇರಿಸಿದರು. ಬಾಣಂತಿ ಇರುವಲ್ಲಿ ಕಿಟಕಿ ತೆಗೆದವರು ಯಾರು ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ, ಕೂಸಿನ ಕುಲಾವಿ ಕಟ್ಟುತ್ತ, ತಲೆಯೆತ್ತದೆ ಹೇಳಿದಳು:

“ನಾನ ತಗದೇನ್ರಿ, ವೈನಿ.”

ಸೋದರತ್ತೆ ಸ್ವಲ್ಪ ಹೊತ್ತಿನ ಮೇಲೆ ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಂಡರು.